ಕಿವಿಗೆ ಮಿಷನ್, ಕೌಂಟರಿಗೆ ಜಾಣಗಿವುಡು

ಕಿವಿ ಮಂದವಾದವರಿಗೆ ನಾವು ಮಾಡುವ ಉಪಕಾರಕ್ಕೆ ಒಂದು ಸಿದ್ಧ ಚಿತ್ರವಿದೆ. ಶಾಮಿಯಾನ, ವೇದಿಕೆ, ಸಾಲು ಕುರ್ಚಿ. ಕೇಳಿಸದವರ ಹೆಸರನ್ನು ಮೈಕಿನಲ್ಲಿ ಕೂಗಿ ಕರೆಯುತ್ತಾರೆ. ಪಕ್ಕದಲ್ಲಿ ಕೂತವರು ಭುಜ ಮುಟ್ಟಿ ಎಬ್ಬಿಸಿ ಕಳಿಸುತ್ತಾರೆ. ಗಣ್ಯರು ಕಿವಿ ಮಿಷನ್ನಿನ ಡಬ್ಬಿಯನ್ನು ಕೈಗಿಡುತ್ತಾರೆ, ಫೋಟೊ ಆಗುತ್ತದೆ, ಮಾರನೆಯ ಬೆಳಿಗ್ಗೆ ಜಿಲ್ಲಾ ಪುಟದಲ್ಲಿ ‘ಶ್ರವಣ ಸಾಧನ ವಿತರಣೆ’ ಎಂಬ ಸುದ್ದಿ ಬರುತ್ತದೆ. ಕೊಟ್ಟವರಿಗೂ ಸಮಾಧಾನ, ಪಡೆದವರ ಮನೆಯವರಿಗೂ ಸಮಾಧಾನ: ಮಿಷನ್ ಬಂತು, ಇನ್ನು ಕೇಳಿಸುತ್ತದೆ, ಕೆಲಸ ಮುಗಿಯಿತು. ಈ ‘ಮುಗಿಯಿತು’ ಎಂಬ ಮಾತಿನ ಮೇಲೆಯೇ ನನ್ನ ತಕರಾರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೇರಿದ, ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗವನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ: ಕಿವಿಯ ಹಿಂದೆ ಮಿಷನ್ ಕೂರಿಸಿ, ಆ ಮಿಷನ್ನಿಗೆ ಮಾತು ಮುಟ್ಟಿಸುವ ಏರ್ಪಾಟನ್ನು ಫೋನಿನಲ್ಲೂ ಟಿಕೆಟ್ ಕಿಟಕಿಯಲ್ಲೂ ಕಚೇರಿಯಲ್ಲೂ ಮಾಡದೆ ಬಿಡುವುದು ಅರ್ಧ ಕೆಲಸ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದಾಗ ನಡುಹೊಳೆಗೆ ನಿಲ್ಲಿಸಿ, ಉಳಿದದ್ದನ್ನು ಈಜಿಕೊಳ್ಳಿ ಎನ್ನಲಿಲ್ಲ. ಕಿವಿಯ ವಿಷಯದಲ್ಲಿ ನಾವು ಅದನ್ನೇ ಹೇಳುತ್ತಿದ್ದೇವೆ, ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿಕೊಳ್ಳುತ್ತಿದ್ದೇವೆ.

ಕಿವಿ ಮಿಷನ್ನನ್ನು ಕನ್ನಡಕದ ಹಾಗೆ ಎಂದು ತಿಳಿದಿರುವುದರಿಂದಲೇ ಈ ನೆಮ್ಮದಿ. ಕನ್ನಡಕ ಏರಿಸಿದ ಕೂಡಲೇ ಅಕ್ಷರ ತಿಳಿಯಾಗುತ್ತದೆ. ಮಿಷನ್ ಹಾಕಿದ ಕೂಡಲೇ ಮಾತು ತಿಳಿಯಾಗುವುದಿಲ್ಲ. ಮನೆಯ ಜಗುಲಿಯಲ್ಲಿ ಎದುರಾಬದುರು ಕೂತು ಮಾತಾಡಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದೇ ಮನುಷ್ಯ ಬಸ್ ನಿಲ್ದಾಣಕ್ಕೆ ಹೋದರೆ, ಬ್ಯಾಂಕಿನ ಗಾಜಿನ ಮುಂದೆ ನಿಂತರೆ, ಆಸ್ಪತ್ರೆಯ ಚೀಟಿ ಕೌಂಟರಿನ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡರೆ ಕತೆ ಬೇರೆ. ಮಿಷನ್ನಿನ ಮೈಕಿಗೆ ಕೌಂಟರಿನವರ ಮಾತೂ ಒಂದೇ, ತಲೆಯ ಮೇಲಿನ ಫ್ಯಾನೂ ಒಂದೇ, ಹಿಂದೆ ನಿಂತವರ ಜಗಳವೂ ಹೆಚ್ಚುಕಡಿಮೆ ಒಂದೇ. ಹೊಸ ಡಿಜಿಟಲ್ ಮಿಷನ್ನುಗಳು ಗಲಾಟೆಯನ್ನು ಒಂದಿಷ್ಟು ಸೋಸುತ್ತವೆ, ನಿಜ. ಆದರೆ ದೂರವನ್ನೂ ಗಾಜನ್ನೂ ಅವು ಸೋಸಲಾರವು. ಇನ್ನು ಫೋನಿನ ಪಾಡು. ರಿಸೀವರನ್ನು ಮಿಷನ್ನಿಗೆ ಒತ್ತಿ ಹಿಡಿದರೆ ಮಿಷನ್ನಿನಿಂದ ಹೊರಟ ಸದ್ದು ತಿರುಗಿ ಅದರ ಮೈಕಿಗೇ ನುಗ್ಗಿ ಕುಂಯ್ ಎಂದು ಸಿಳ್ಳೆ ಹೊಡೆಯುತ್ತದೆ. ದೂರ ಹಿಡಿದರೆ ಮಾತು ಕೇಳಿಸದು. ಕೊನೆಗೆ ಮಿಷನ್ನನ್ನೇ ತೆಗೆದು ಜೇಬಿಗೆ ಹಾಕಿ, ಬರಿಗಿವಿಯಲ್ಲಿ ಕಷ್ಟಪಟ್ಟು ಕೇಳಬೇಕು. ಯಾವ ಹೊತ್ತಿಗೆ ಕಿವಿ ಹೆಚ್ಚು ಬೇಕೋ ಆ ಹೊತ್ತಿಗೇ ಕೈಕೊಡುವ ಸಾಧನ ಕ್ರಮೇಣ ಪೆಟ್ಟಿಗೆ ಸೇರುತ್ತದೆ. ಆಮೇಲೆ ನಾವು, ‘ಕೊಟ್ಟರೂ ಹಾಕಿಕೊಳ್ಳುವುದಿಲ್ಲ ನೋಡಿ’ ಎಂದು ಮುದುಕರ ಹಟವನ್ನು ದೂರುತ್ತೇವೆ. ಹಟ ಯಾರದು?

ಇದಕ್ಕೆ ಮದ್ದು ಇಲ್ಲವೆಂದಿದ್ದರೆ ಯಾರನ್ನೂ ದೂರಬೇಕಾಗಿರಲಿಲ್ಲ. ಮದ್ದು ಹಳೆಯದು, ಸರಳವಾದದ್ದು. ಮಿಷನ್ನಿನ ಒಳಗೆ ಅಕ್ಕಿಕಾಳಿನಷ್ಟು ಸಣ್ಣದೊಂದು ತಾಮ್ರದ ಸುರುಳಿ ಇರುತ್ತದೆ; ಹೆಸರು ಟೆಲಿಕಾಯಿಲ್. ಟೆಲಿಫೋನಿಗಾಗಿಯೇ ಹುಟ್ಟಿದ್ದು ಎಂಬುದು ಹೆಸರಿನಲ್ಲೇ ಇದೆ. ಹಳೆಯ ಫೋನಿನ ರಿಸೀವರಿನಿಂದ ಹೊರಗೆ ಸೋರುತ್ತಿದ್ದ ಕಾಂತಕ್ಷೇತ್ರವನ್ನು ಈ ಸುರುಳಿ ಹಿಡಿದು, ಗಾಳಿಯ ಸದ್ದಿನ ಹಂಗಿಲ್ಲದೆ ಮಾತನ್ನು ನೇರ ಕಿವಿಗೆ ಕೊಡುತ್ತಿತ್ತು. ಮಿಷನ್ನಿನಲ್ಲಿ ‘ಟಿ’ ಒತ್ತಿದರೆ ಮೈಕು ಬಂದ್, ಸುರುಳಿ ಚಾಲೂ. ಸಿಳ್ಳೆಯೂ ಇಲ್ಲ, ಸುತ್ತಲಿನ ಸಂತೆಯೂ ಇಲ್ಲ. ಇದೇ ತತ್ವವನ್ನು ಕೋಣೆಗೆ ಹಿಗ್ಗಿಸಿ, ಸುತ್ತ ತಂತಿ ಎಳೆದು, ಮೈಕು ಮತ್ತು ಆಂಪ್ಲಿಫೈಯರ್ ಜೋಡಿಸುವ ‘ಲೂಪ್’ ವ್ಯವಸ್ಥೆಗೆ ಜೋಸೆಫ್ ಪೋಲಿಯಕಾಫ್ ಎಂಬವರು ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1937ರಲ್ಲಿ. ಕೌಂಟರಿಗಾದರೆ ಕೋಣೆಯ ಸುತ್ತಲೂ ಬೇಡ. ಮೇಜಿನ ಕೆಳಗೆ ಒಂದು ಸುರುಳಿ, ಗುಮಾಸ್ತರ ಮುಂದೆ ಒಂದು ಮೈಕು, ಒಂದು ಪುಟ್ಟ ಪೆಟ್ಟಿಗೆ. ಇದನ್ನು ಪರದೇಶದ ದೊಡ್ಡ ವಿದ್ಯೆ ಎಂದು ಮಂಡ್ಯ ಜಿಲ್ಲೆಯಲ್ಲಿ ಹೇಳುವವರು ಸ್ವಲ್ಪ ನಾಚಬೇಕು. ಬದಲಾಗುವ ಕಾಂತಕ್ಷೇತ್ರ ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ ಎಂಬ ಫ್ಯಾರಡೆಯ ತತ್ವದ ಮೇಲೆಯೇ ಇದೇ ಜಿಲ್ಲೆಯ ಶಿವನಸಮುದ್ರದಲ್ಲಿ ಜನರೇಟರುಗಳು ತಿರುಗಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಚಿನ್ನ ಅಗೆಯಲು ಆಗ ಅರ್ಥವಾದ ತತ್ವ, ಅಜ್ಜಿಯೊಬ್ಬರಿಗೆ ಪಿಂಚಣಿಯ ಮಾತು ಕೇಳಿಸಲು ಇವತ್ತಿಗೂ ಅರ್ಥವಾಗಿಲ್ಲವೆ?

ಸಾರ್ವಜನಿಕ ಫೋನಿನ ಚರಿತ್ರೆಯನ್ನು ನೋಡಿದರೆ ಆರೋಪ ಇನ್ನೂ ಗಟ್ಟಿಯಾಗುತ್ತದೆ. ಹೊಸ ಬಗೆಯ ರಿಸೀವರುಗಳು ಬಂದು ಕಾಂತಕ್ಷೇತ್ರ ಸೋರುವುದು ಕಡಿಮೆಯಾದಾಗ ಮಿಷನ್ ಹಾಕಿದವರಿಗೆ ಫೋನು ಮೂಕವಾಯಿತು. ಅಮೆರಿಕದಲ್ಲಿ 1982ರ ಕಾನೂನು, ನಾಣ್ಯ ಹಾಕುವ ಫೋನು, ತುರ್ತು ಫೋನುಗಳೆಲ್ಲ ಕಿವಿ ಮಿಷನ್ನಿಗೆ ಹೊಂದಲೇಬೇಕು ಎಂದಿತು. 1988ರ ಕಾನೂನು ಆ ನಿಯಮವನ್ನು ಮಾರಾಟವಾಗುವ ಬಹುತೇಕ ಎಲ್ಲ ಫೋನುಗಳಿಗೂ ಹಬ್ಬಿಸಿತು. ಬೂತಿನ ರಿಸೀವರಿಗೆ ತಂತಿ ಸೇರುವ ಜಾಗದಲ್ಲಿ ಒಂದು ನೀಲಿ ಬಳೆ ಇದ್ದರೆ, ‘ಇಲ್ಲಿ ನಿನಗೂ ಕೇಳಿಸುತ್ತದೆ’ ಎಂದು ಅರ್ಥ. ಅದೇ ಕಾಲದಲ್ಲಿ ನಮ್ಮಲ್ಲಿ ಏನಾಗುತ್ತಿತ್ತು? 1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು; ಅದು ತಯಾರಿಸಿದ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಶುರುವಾಯಿತು. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಊರೂರಿಗೆ ಬಂದವು. ಅದೊಂದು ಅಸಾಧಾರಣ ಸಾಧನೆ, ಅನುಮಾನವಿಲ್ಲ. ಬೂತು ಹಂಚುವಾಗ ಅಂಗವಿಕಲರಿಗೆ ಆದ್ಯತೆಯನ್ನೂ ಕೊಟ್ಟರು. ವ್ಯಂಗ್ಯ ಇರುವುದೇ ಅಲ್ಲಿ. ಅಂಗವಿಕಲರು ಬೂತಿನ ಒಡೆಯರಾಗಿ ಗಲ್ಲಾದ ಹಿಂದೆ ಕೂರಬಹುದು ಎಂದು ಹೊಳೆದ ಇಲಾಖೆಗೆ, ಅಂಗವಿಕಲರು ಗಿರಾಕಿಗಳಾಗಿ ಬೂತಿನ ಒಳಗೂ ಬರಬಹುದು ಎಂದು ಹೊಳೆಯಲಿಲ್ಲ. ಬೂತನ್ನು ಕೊಟ್ಟ ಕೈ, ರಿಸೀವರಿನೊಳಗೆ ಒಂದು ಸುರುಳಿ ಇರಬೇಕೆಂಬ ಒಂದು ಸಾಲಿನ ಷರತ್ತನ್ನು ಬರೆಯಲಿಲ್ಲ. ಬೂತುಗಳು ಬಂದವು, ಮೆರೆದವು, ಹೋದವು. ಕಿವಿ ಮಂದವಾದವರ ಪಾಲಿಗೆ ಅವು ಬರಲೇ ಇಲ್ಲ.

‘ಎಷ್ಟು ಜನರ ಪ್ರಶ್ನೆ ಇದು?’ ಎಂದು ಲೆಕ್ಕ ಕೇಳುವವರಿದ್ದಾರೆ. ಲೆಕ್ಕವನ್ನೇ ನೋಡೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಶ್ರವಣದೋಷ ಇರುವವರು ಸುಮಾರು 2.35 ಲಕ್ಷ, 6.11 ಕೋಟಿ ಜನಸಂಖ್ಯೆಯಲ್ಲಿ ಶೇ 0.4 ಕೂಡ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಹೇಳುವುದು ಬೇರೆ: ಜಗತ್ತಿನ ಶೇ 5ಕ್ಕೂ ಹೆಚ್ಚು ಮಂದಿಗೆ, ಎಂದರೆ 43 ಕೋಟಿ ಜನಕ್ಕೆ, ನೆರವು ಬೇಕಾಗುವಷ್ಟು ಶ್ರವಣನಷ್ಟವಿದೆ; 60 ದಾಟಿದವರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು. ಆ ಶೇ 5ನ್ನು 18 ಲಕ್ಷ ಜನರ ಮಂಡ್ಯ ಜಿಲ್ಲೆಗೆ ಹಾಕಿದರೆ ಸುಮಾರು 90 ಸಾವಿರ ಆಗುತ್ತದೆ. ಎರಡು ಲೆಕ್ಕಗಳ ನಡುವೆ ಹತ್ತು ಪಟ್ಟಿಗೂ ಮೀರಿದ ಅಂತರ ಹೇಗೆ ಬಂತು? ಕನ್ನಡಿಗರ ಕಿವಿ ಲೋಕದ ಕಿವಿಗಿಂತ ಹತ್ತು ಪಟ್ಟು ಚುರುಕೆಂದು ನಂಬುವುದೆ? ನಮ್ಮ ಮನೆಗಳಲ್ಲಿ ‘ವಯಸ್ಸಾಯಿತು, ಸ್ವಲ್ಪ ಕಿವಿ ಮಂದ’ ಎಂದು ಹೇಳಿ ಗಣತಿಯವರನ್ನು ಕಳಿಸುತ್ತೇವೆ. ಮಂದವನ್ನು ಯಾರೂ ದೋಷವೆಂದು ಬರೆಸುವುದಿಲ್ಲ. ಕಾನೂನಿನ ಅಳತೆಗೋಲೂ ಹಾಗೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 35 ಡೆಸಿಬೆಲ್ ನಷ್ಟದಿಂದ ಲೆಕ್ಕ ಹಿಡಿಯುತ್ತದೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಗೆ 60 ಡೆಸಿಬೆಲ್ ಹೋದರೆ ಮಾತ್ರ ‘ಕಿವಿ ಮಂದ’, 70 ಆದರೆ ‘ಕಿವುಡು’. ನಡುವೆ ಇರುವವರು ಯಾರು? ಮಿಷನ್ನಿನಿಂದ ಅತಿ ಹೆಚ್ಚು ಲಾಭವಾಗಬಹುದಾದ, ಲೂಪ್ ಇದ್ದರೆ ಕೌಂಟರಿನಲ್ಲಿ ಯಾರ ನೆರವೂ ಇಲ್ಲದೆ ವ್ಯವಹಾರ ಮುಗಿಸಬಹುದಾದ ಜನ. ಅವರನ್ನು ಎಣಿಸದೆ ಬಿಟ್ಟು, ಆಮೇಲೆ ಎಣಿಕೆ ಸಣ್ಣದು ಎಂದು ವಾದಿಸುವುದು ಯಾವ ನ್ಯಾಯ?

ಇಷ್ಟೆಲ್ಲ ಆಗಿಯೂ, ಕಾನೂನೇ ಇಲ್ಲ ಎಂದು ಯಾರೂ ನುಣುಚಿಕೊಳ್ಳುವಂತಿಲ್ಲ. ಅದೇ 2016ರ ಕಾಯ್ದೆಯ 40ನೇ ಸೆಕ್ಷನ್ ಕಟ್ಟಡ, ಸಾರಿಗೆ, ಮಾಹಿತಿ, ಸಂಪರ್ಕ ಎಲ್ಲಕ್ಕೂ ಸುಗಮ್ಯತೆಯ ಮಾನದಂಡ ಬೇಕೆನ್ನುತ್ತದೆ. 45ನೇ ಸೆಕ್ಷನ್ ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮ ಬಂದ ದಿನದಿಂದ ಐದು ವರ್ಷ ಕೊಟ್ಟಿತು. 46ನೇ ಸೆಕ್ಷನ್ ಸೇವೆ ಕೊಡುವವರಿಗೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಎರಡೇ ವರ್ಷ ಕೊಟ್ಟಿತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಎಂದರೆ ಒಂದು ಗಡುವು 2019ರಲ್ಲಿ, ಇನ್ನೊಂದು 2022ರಲ್ಲಿ ಸದ್ದಿಲ್ಲದೆ ತೀರಿಹೋಯಿತು. ಕೇಂದ್ರದ 2021ರ ಸುಗಮ್ಯತಾ ಮಾರ್ಗಸೂಚಿಯಲ್ಲಿ ಲೂಪ್ ವ್ಯವಸ್ಥೆಯ ಹೆಸರೂ ಇದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮ್ಯತೆಯನ್ನು ಬರೀ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿದ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದು ತೀರ್ಪು ಕೊಟ್ಟು, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದಿತು. ಆದರೂ ಕಚೇರಿಗಳಲ್ಲಿ ಸುಗಮ್ಯತೆ ಎಂದರೆ ಇವತ್ತಿಗೂ ಬಾಗಿಲ ಬಳಿ ಒಂದು ಇಳಿಜಾರು, ಅದಕ್ಕೊಂದು ಸ್ಟೀಲ್ ಕಂಬಿ. ಇಳಿಜಾರು ಬೇಕೇ ಬೇಕು. ಆದರೆ ಕಾಲು ಬಾಗಿಲು ದಾಟಿದ ಮೇಲೆ ಕಿವಿಗೆ ಏನಿದೆ? ಇಳಿಜಾರು ಫೋಟೊದಲ್ಲಿ ಕಾಣುತ್ತದೆ, ಮೇಜಿನ ಕೆಳಗಿನ ಸುರುಳಿ ಕಾಣುವುದಿಲ್ಲ. ಕಾಣದ ದೋಷಕ್ಕೆ ಕಾಣದ ಪರಿಹಾರ. ಹಾಗಾಗಿ ಕಾಣದ ಬಜೆಟ್ಟು.

ಕೇಳಿಸದಿರುವುದರ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಪಾಂಡವಪುರದ ಉಪವಿಭಾಗಾಧಿಕಾರಿಯ (ಎಸಿ) ಕೋರ್ಟಿನ ಕಡೆ ನೋಡಿ. ನಾಲ್ಕೂ ತಾಲ್ಲೂಕಿನ ಖಾತೆ, ಪಹಣಿಯ ಮೇಲ್ಮನವಿಗಳು ಅಲ್ಲಿಗೆ ಬರುತ್ತವೆ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ, ಮಕ್ಕಳು ನೋಡಿಕೊಳ್ಳುವುದಿಲ್ಲವೆಂದು ತಂದೆತಾಯಿ ಮೊರೆಹೋಗುವ ನ್ಯಾಯಮಂಡಳಿಯ ಅಧ್ಯಕ್ಷರೂ ಉಪವಿಭಾಗಾಧಿಕಾರಿಯೇ. ಆ ಕಾಯ್ದೆಯ 17ನೇ ಸೆಕ್ಷನ್ ಅಲ್ಲಿ ವಕೀಲರು ಬೇಡ ಎನ್ನುತ್ತದೆ; ಕೆಲವು ಹೈಕೋರ್ಟುಗಳು ಇದನ್ನು ಒಪ್ಪಿಲ್ಲವಾದರೂ ಕಾಯ್ದೆಯ ಆಶಯ ಸ್ಪಷ್ಟ: ಹಿರಿಯರು ತಮ್ಮ ಮಾತನ್ನು ತಾವೇ ಹೇಳಿಕೊಳ್ಳಲಿ, ಖರ್ಚಿಲ್ಲದೆ ನ್ಯಾಯ ಸಿಗಲಿ. ಒಳ್ಳೆಯ ಆಶಯ. ಆದರೆ 60 ದಾಟಿದವರಲ್ಲಿ ನಾಲ್ವರಿಗೊಬ್ಬರಿಗೆ ಕಿವಿಯ ತೊಂದರೆ ಇದ್ದರೆ, ಹೆಚ್ಚಾಗಿ 60 ದಾಟಿದವರೇ ಅರ್ಜಿ ಹಾಕುವ ನ್ಯಾಯಮಂಡಳಿಗಿಂತ ಮೊದಲು ಲೂಪ್ ಬೇಕಾದ ಕೋಣೆ ಯಾವುದಿದೆ? ಅಲ್ಲಿ ಪ್ರಶ್ನೆ ಕೇಳಿಸದೆ ತಲೆಯಾಡಿಸಿದರೆ ಒಪ್ಪಿಗೆ ಎಂದು ದಾಖಲಾಗಬಹುದು. ಉತ್ತರ ಕೊಡದಿದ್ದರೆ ಉತ್ತರವಿಲ್ಲ ಎಂದಾಗಬಹುದು. ಕೊನೆಗೆ ಕೇಳಿಸದ ತಾಯಿಯ ಕಿವಿಯಾಗಿ ನಿಲ್ಲುವವರು ಯಾರು? ಬಹಳ ಸಲ ಮನೆಯವರೇ. ಯಾರ ವಿರುದ್ಧ ದೂರೋ ಅವರ ಬಾಯಿಂದಲೇ ಪ್ರಶ್ನೆ ಕೇಳಿಸಿಕೊಳ್ಳಬೇಕಾದ ನ್ಯಾಯ ಅದೆಂಥ ನ್ಯಾಯ?

ಇನ್ನು ಆಕ್ಷೇಪಗಳು. ಮೊದಲನೆಯದು ಎಲ್ಲರ ನಾಲಿಗೆಯ ತುದಿಯಲ್ಲೇ ಇದೆ: ‘ಸಾರ್ವಜನಿಕ ಫೋನೇ ಸತ್ತುಹೋಗಿದೆ, ಈಗ ಯಾಕೆ ಅದರ ತಿಥಿ?’ ಸತ್ತದ್ದು ಹಳದಿ ಬೋರ್ಡು. ಸಾರ್ವಜನಿಕ ಫೋನು ವೇಷ ಬದಲಿಸಿದೆ, ಅಷ್ಟೆ. ಲಿಫ್ಟಿನೊಳಗಿನ ತುರ್ತು ಗುಂಡಿ ಒಂದು ಸಾರ್ವಜನಿಕ ಫೋನು. ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ನೆಡುವ ತುರ್ತು ಕರೆಯ ಪೆಟ್ಟಿಗೆ ಇನ್ನೊಂದು. ಗಾಜಿನ ಹಿಂದೆ ಗುಮಾಸ್ತರು, ಗಾಜಿಗೆ ಸ್ಪೀಕರು ಇರುವ ಟಿಕೆಟ್ ಕಿಟಕಿ ಮತ್ತೊಂದು. ಮೈಕಿನಿಂದ ಸ್ಪೀಕರಿಗೆ ತಂತಿಯ ಮೂಲಕ ಮಾತು ಹೋಗುವುದಾದರೆ ಅದು ಎರಡು ಅಡಿ ದೂರದ ಟೆಲಿಫೋನೇ. ನ್ಯೂಯಾರ್ಕ್ 2011ರ ಸುಮಾರಿಗೆ ತನ್ನ ಸುರಂಗ ರೈಲಿನ ನೂರಾರು ಟಿಕೆಟ್ ಗೂಡುಗಳಿಗೆ ಲೂಪ್ ಹಾಕಲು ಹೊರಟದ್ದು, ಲಂಡನ್ನಿನ ಕಪ್ಪು ಟ್ಯಾಕ್ಸಿಗಳ ಹಿಂಬದಿ ಸೀಟಿನಲ್ಲಿ ಲೂಪ್ ಇರುವುದು ಇದೇ ಕಾರಣಕ್ಕೆ. ಹೋಗಲಿ, ಜೇಬಿನ ಮೊಬೈಲನ್ನೇ ತೆಗೆದುಕೊಳ್ಳೋಣ. ಅಮೆರಿಕದ ದೂರಸಂಪರ್ಕ ಆಯೋಗ 2024ರ ಅಕ್ಟೋಬರಿನಲ್ಲಿ, ಹಂತಹಂತವಾಗಿ ಎಲ್ಲ ಮೊಬೈಲುಗಳೂ ಕಿವಿ ಮಿಷನ್ನಿಗೆ ಹೊಂದಬೇಕು ಎಂದು ವಿಧಿಸಿತು. ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2018ರಲ್ಲಿ ಕೊಟ್ಟದ್ದು ಒಂದು ಶಿಫಾರಸು: ಐದು ಅಥವಾ ಹೆಚ್ಚು ಮಾದರಿ ತಯಾರಿಸುವ ಕಂಪನಿ 2020 ಮುಗಿಯುವುದರೊಳಗೆ ಅಂಗವಿಕಲರಿಗೆ ಹೊಂದುವ ಒಂದಾದರೂ ಮಾದರಿ ತಯಾರಿಸಲಿ ಎಂದು. ಅಲ್ಲಿ ಎಲ್ಲವೂ, ಇಲ್ಲಿ ಐದಕ್ಕೊಂದು, ಅದೂ ಶಿಫಾರಸು.

ಎರಡನೆಯ ಆಕ್ಷೇಪ ಸ್ವಲ್ಪ ಓದಿಕೊಂಡವರದು: ‘ಬ್ಲೂಟೂತ್ ಬಂದಿದೆ, ಲೂಪ್ ಹಳೆಯ ಕಾಲದ್ದು.’ ಬ್ಲೂಟೂತ್ ನನ್ನ ಮಿಷನ್ನಿಗೂ ನನ್ನ ಮೊಬೈಲಿಗೂ ನಂಟು ಕಟ್ಟುತ್ತದೆ, ಸಂತೋಷ. ಆದರೆ ಪಾಂಡವಪುರ ನಿಲ್ದಾಣದ ಟಿಕೆಟ್ ಕಿಟಕಿಗೆ ಬಂದ ಪ್ರತಿಯೊಬ್ಬರೂ ಕಿಟಕಿಯ ಜೊತೆ ಜೋಡಣೆ ಮಾಡಿಕೊಂಡು, ಮುಗಿದ ಮೇಲೆ ಕಳಚಿಕೊಂಡು ಹೋಗುವಷ್ಟರಲ್ಲಿ ರೈಲು ಶ್ರೀರಂಗಪಟ್ಟಣ ದಾಟಿರುತ್ತದೆ. ಸಾರ್ವಜನಿಕ ಜಾಗಕ್ಕೆಂದೇ ಆರಾಕಾಸ್ಟ್ ಎಂಬ ಹೊಸ ಬಗೆಯ ಬ್ಲೂಟೂತ್ 2022ರಿಂದ ಬರುತ್ತಿದೆ, ಭರವಸೆಯೂ ಮೂಡಿಸಿದೆ. ಆದರೆ ಅದು ಹೊಸ, ದುಬಾರಿ ಮಿಷನ್ನುಗಳ ಸಂಪತ್ತು. ಕೇಂದ್ರದ ಅಡಿಪ್ ಯೋಜನೆಯ ಶಿಬಿರದಲ್ಲಿ ಮಿಷನ್ ಪಡೆದ ರೈತನಿಗೆ, ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ದಿನ ದೂಡುವ ಅಜ್ಜಿಗೆ ಅದು ಯಾವ ವರ್ಷ ಸಿಕ್ಕೀತು? ಟೆಲಿಕಾಯಿಲ್ ಹಾಗಲ್ಲ, ಕಿವಿಯ ಹಿಂದೆ ಕೂರುವ ಸಾದಾ ಮಾದರಿಗಳಲ್ಲೂ ಅನೇಕದರಲ್ಲಿ ಅದು ಇದೆ. ಜೋಡಣೆ ಬೇಡ, ಆ್ಯಪ್ ಬೇಡ, ಗುಂಡಿ ಒತ್ತಿದರೆ ಸಾಕು. ನಾಳೆ ಹೊಸದು ಬರುತ್ತದೆಂದು ಇವತ್ತಿನದನ್ನು ತಡೆಯುವ ವಾದವನ್ನು ನಾವು ಬೇರೆಲ್ಲೂ ಮಾಡುವುದಿಲ್ಲ. ನಾಳೆ ವಿದ್ಯುತ್ ಬಸ್ಸು ಬರುತ್ತದೆಂದು ಇವತ್ತು ಕೆ.ಆರ್. ಪೇಟೆಯ ಬಸ್ಸು ನಿಲ್ಲಿಸಿದ್ದೇವೆಯೆ?

ಮೂರನೆಯದು ದಯೆಯ ವೇಷದಲ್ಲಿ ಬರುವ ಮಾತು: ‘ಸ್ವಲ್ಪ ಗಟ್ಟಿಯಾಗಿ ಹೇಳಿದರಾಯಿತಲ್ಲ.’ ಗಟ್ಟಿತನ ಬೇರೆ, ಸ್ಪಷ್ಟತೆ ಬೇರೆ. ವಯಸ್ಸಿಗೆ ಮಂದವಾಗುವ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ದನಿಗಳನ್ನು. ಸ್ವರಗಳು ಕೇಳಿಸುತ್ತವೆ, ವ್ಯಂಜನಗಳು ಉದುರಿಹೋಗುತ್ತವೆ. ‘ಪಾಲು’ ಎಂದರೂ ‘ಸಾಲು’ ಎಂದರೂ ‘ಕಾಲು’ ಎಂದರೂ ‘ಹಾಲು’ ಎಂದರೂ ಕಿವಿಗೆ ಬೀಳುವುದು ‘ಆಲು’ ಮಾತ್ರ. ಕಿರುಚಿದಷ್ಟೂ ಆ ‘ಆಲು’ ದೊಡ್ಡದಾಗುತ್ತದೆ, ಪಾಲು ಪಾಲಾಗುವುದಿಲ್ಲ. ಆಸ್ತಿಯ ಪಾಲಿನ ವಿಷಯ ಮಾತಾಡುವ ಕಚೇರಿಯಲ್ಲಿ ಇದು ತಮಾಷೆಯ ಮಾತಲ್ಲ. ಅದೂ ಅಲ್ಲದೆ ಗಟ್ಟಿಯಾಗಿ ಹೇಳುವುದು ಏನನ್ನು? ಖಾತೆಯಲ್ಲಿ ಎಷ್ಟು ಹಣ ಉಳಿದಿದೆ ಎಂಬುದನ್ನು, ರಕ್ತಪರೀಕ್ಷೆಯಲ್ಲಿ ಏನು ಬಂತು ಎಂಬುದನ್ನು, ಸಾಲ ಯಾಕೆ ತಿರಸ್ಕಾರವಾಯಿತು ಎಂಬುದನ್ನು. ಸಾಲಿನಲ್ಲಿ ನಿಂತ ಇಪ್ಪತ್ತು ಮಂದಿಗೆ ಕೇಳಿಸಿ, ಕೇಳಬೇಕಾದವರಿಗೆ ಮಾತ್ರ ಕೇಳಿಸದಂತೆ ಮಾಡುವ ಈ ಏರ್ಪಾಟಿಗೆ ಸೌಜನ್ಯ ಎಂದು ಹೆಸರಿಟ್ಟವರು ಯಾರು?

ನಾಲ್ಕನೆಯದು ಎರಡು ಬೇರೆ ಸಂಗತಿಗಳನ್ನು ಕಲಸುವ ಆಕ್ಷೇಪ: ‘ಕಿವುಡರಿಗೆ ಸನ್ನೆ ಭಾಷೆ ಇದೆಯಲ್ಲ, ಇಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಬರೆದರಾಯಿತು.’ ಸನ್ನೆ ಭಾಷೆ ಒಂದು ಸಮುದಾಯದ ಮಾತೃಭಾಷೆ. ಕಚೇರಿಗಳಲ್ಲಿ ಅದರ ದುಭಾಷಿಗಳು ಬೇಕು ಎಂಬುದು ಅಷ್ಟೇ ನ್ಯಾಯವಾದ ಬೇರೆ ಬೇಡಿಕೆ. ಆದರೆ ಐವತ್ತು ಅರವತ್ತು ವರ್ಷ ಕನ್ನಡವನ್ನೇ ಆಡಿ, ಕೇಳಿ, ಬೈದು, ಜೋಗುಳ ಹಾಡಿ ಬದುಕಿ, ಈಗ ಕಿವಿ ಮಂದವಾದವರಿಗೆ ಸನ್ನೆ ಭಾಷೆ ಗೊತ್ತಿಲ್ಲ. ಅವರು ಕೇಳುವುದು ಕನ್ನಡವನ್ನೇ, ಕನ್ನಡ ಕೇಳಿಸುವ ಹಾಗೆ. ಬರೆದು ತೋರಿಸಿ ಎನ್ನುವವರು 2011ರ ಗಣತಿಯಲ್ಲಿ ಮಂಡ್ಯ ಜಿಲ್ಲೆಯ ಸಾಕ್ಷರತೆ ಶೇ 70ರ ಆಸುಪಾಸಿನಲ್ಲಿತ್ತು ಎಂಬುದನ್ನು ನೆನೆಯಲಿ. ಓದು ಬಾರದ ಮೂವತ್ತರಲ್ಲಿ ವಯಸ್ಸಾದ ಹೆಂಗಸರೇ ಹೆಚ್ಚು. ಕಿವಿ ಮಂದವಾಗುವುದೂ ಆ ವಯಸ್ಸಿನಲ್ಲೇ. ಅಕ್ಷರವನ್ನು ಮೊದಲೇ ಕೊಡದಿದ್ದವರು ಈಗ ಸದ್ದಿನ ಬದಲು ಅಕ್ಷರ ತೆಗೆದುಕೋ ಎನ್ನುವುದು ಕ್ರೌರ್ಯ.

ಐದನೆಯದು ಖರ್ಚಿನ ಮಾತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಭಾರ ಎಷ್ಟು? ಕೌಂಟರಿನ ಲೂಪಿನಲ್ಲಿ ಇರುವುದು ತಾಮ್ರದ ತಂತಿ, ಮೈಕು, ಆಂಪ್ಲಿಫೈಯರ್. ಊರಹಬ್ಬಕ್ಕೂ ಆರ್ಕೆಸ್ಟ್ರಾಗೂ ಸೌಂಡ್ ಸಿಸ್ಟಂ ಕಟ್ಟುವ ಹುಡುಗರಿಗೆ ಇದರ ಒಂದೊಂದು ಭಾಗವೂ ಪರಿಚಯ. ಒಂದು ದಿನ ಕಲಿಸಿದರೆ ಅಳವಡಿಸುತ್ತಾರೆ. ಇಡೀ ಊರಿಗೆ ಕೇಳಿಸುವಷ್ಟು ಸ್ಪೀಕರು ಸಾಲಾಗಿ ಜೋಡಿಸುವ ನಾಡಿನಲ್ಲಿ ಒಬ್ಬರಿಗೆ ಕೇಳಿಸುವಷ್ಟು ತಂತಿಗೆ ದುಡ್ಡಿಲ್ಲವೆ? ನಿಜವಾದ ನಷ್ಟ ಬೇರೆ ಕಡೆ ಇದೆ. ಪರೀಕ್ಷೆ ಮಾಡಿ, ಅಚ್ಚು ತೆಗೆದು, ಮಿಷನ್ ಕೊಂಡು ಹಂಚಿ, ಅದು ಪೆಟ್ಟಿಗೆ ಸೇರುವಂತೆ ಬಿಟ್ಟರೆ ಆ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆನೆ ಕೊಂಡವರು ಅಂಕುಶಕ್ಕೆ ಚೌಕಾಸಿ ಮಾಡುವುದಕ್ಕೆ ಮಿತವ್ಯಯ ಎನ್ನುವುದಿಲ್ಲ.

ಕೊನೆಯ ಆಕ್ಷೇಪ ಅಧಿಕಾರಿಗಳಿಗೆ ಬಹಳ ಪ್ರಿಯವಾದದ್ದು: ‘ಯಾರೂ ಕೇಳಿಲ್ಲ.’ ಕೇಳುವುದು ಹೇಗೆ? ಮಿಷನ್ ಕೊಡುವಾಗ ಅದರಲ್ಲಿ ‘ಟಿ’ ಇದೆ ಎಂದು ಯಾರೂ ಹೇಳುವುದಿಲ್ಲ. ಡಿಜಿಟಲ್ ಮಿಷನ್ನಿನಲ್ಲಿ ಆ ‘ಟಿ’ಯನ್ನು ಕಂಪ್ಯೂಟರಿಗೆ ಜೋಡಿಸಿ ತೆರೆಯಬೇಕಾಗಬಹುದು, ಎಲ್ಲೂ ಲೂಪ್ ಇಲ್ಲವಲ್ಲ ಎಂದು ತೆರೆಯುವುದಿಲ್ಲ. ಯಾರ ಮಿಷನ್ನಿನಲ್ಲೂ ‘ಟಿ’ ಚಾಲೂ ಇಲ್ಲವಲ್ಲ ಎಂದು ಕಚೇರಿಯವರು ಲೂಪ್ ಹಾಕುವುದಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆ ಕೊಡಬೇಕಾದವರು ಹಲ್ಲನ್ನು ಎಣಿಸುತ್ತ ಕೂತಿದ್ದಾರೆ. ಗೊತ್ತಿಲ್ಲದೆ ಹೀಗಾಗಿದೆ ಎನ್ನಲು ಈ ಭಾಗದವರಿಗೆ ನೆಪವೂ ಇಲ್ಲ. ದೇಶದ ವಾಕ್ ಶ್ರವಣ ವಿದ್ಯೆಗೆ ತಾಯಿಬೇರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ. ಶ್ರೀರಂಗಪಟ್ಟಣದಿಂದ ಒಂದು ಬಸ್ಸಿನ ದೂರ. ಅದರ ಹೊರಸೇವಾ ಕೇಂದ್ರ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿಗೇ ಬಂದಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ವೈದ್ಯಕೀಯ ಕಾಲೇಜಿದೆ. ಕಿವಿಯನ್ನು ಪರೀಕ್ಷಿಸುವ ವಿದ್ಯೆ ಹಳ್ಳಿಯ ಬಾಗಿಲಿಗೆ ಬಂದು ನಿಂತಿದೆ. ಅದೇ ಅಕ್ಕಿಹೆಬ್ಬಾಳಿನ ರೈಲು ನಿಲ್ದಾಣಕ್ಕೆ, ಅಲ್ಲಿನವರು ಹೋಗುವ ತಾಲ್ಲೂಕು ಕಚೇರಿಗೆ ಆ ವಿದ್ಯೆಯ ಉಳಿದರ್ಧ ತಲುಪದಿದ್ದರೆ ಅದು ಅಜ್ಞಾನವಲ್ಲ. ಗೊತ್ತಿದ್ದೂ ಕೇಳಿಸಿಕೊಳ್ಳದಿರುವುದಕ್ಕೆ ಕನ್ನಡದಲ್ಲಿ ಪದವಿದೆ: ಜಾಣಗಿವುಡು. ಅದಕ್ಕೆ ಯಾವ ಶಿಬಿರದಲ್ಲೂ ಮಿಷನ್ ಸಿಗುವುದಿಲ್ಲ.

ಆದ್ದರಿಂದ ಬೇಡಿಕೆಗಳನ್ನು ಗಟ್ಟಿಯಾಗಿ ಹೇಳುವುದಕ್ಕಿಂತ ಸ್ಪಷ್ಟವಾಗಿ ಹೇಳುತ್ತೇನೆ. ಸರ್ಕಾರದ ಹಣದಲ್ಲಿ ಕೊಡುವ ಪ್ರತಿ ಕಿವಿ ಮಿಷನ್ನಿನಲ್ಲೂ ಟೆಲಿಕಾಯಿಲ್ ಇರಲಿ, ಕೊಡುವ ದಿನವೇ ಅದು ತೆರೆದಿರಲಿ. ಶಿಬಿರದ ಶಾಮಿಯಾನದಲ್ಲೇ ಒಂದು ಲೂಪ್ ಹಾಕಿ, ‘ಟಿ’ ಒತ್ತಿಸಿ, ವೇದಿಕೆಯ ಭಾಷಣ ಕೇಳಿಸುತ್ತಿದೆಯೇ ಎಂದು ಪಡೆದವರನ್ನೇ ಕೇಳಲಿ. ಪಾಂಡವಪುರದ ಎಸಿ ಕೋರ್ಟಿನ ಕೋಣೆಗೆ ಮೊದಲು, ಆಮೇಲೆ ನಾಲ್ಕೂ ತಾಲ್ಲೂಕು ಕಚೇರಿ, ನಾಡಕಚೇರಿ, ತಾಲ್ಲೂಕು ಆಸ್ಪತ್ರೆ, ಬ್ಯಾಂಕು, ರೈಲು ಮತ್ತು ಬಸ್ ನಿಲ್ದಾಣಗಳ ತಲಾ ಒಂದು ಕೌಂಟರಿಗೆ ಲೂಪ್ ಬರಲಿ. ಅದರ ಮೇಲೆ ಜಗತ್ತೇ ಬಲ್ಲ ಕಿವಿ ಮತ್ತು ‘ಟಿ’ ಅಕ್ಷರದ ಚಿಹ್ನೆ ಇರಲಿ. ಚಿಹ್ನೆ ಹಚ್ಚಿ ಒಳಗೆ ತಂತಿ ಸತ್ತಿರುವ ನಾಟಕ ನಡೆಯದಂತೆ, ಅಂತರರಾಷ್ಟ್ರೀಯ ಮಾನದಂಡ ಐಇಸಿ 60118-4ರ ಪ್ರಕಾರ ವರ್ಷಕ್ಕೊಮ್ಮೆ ಅಳತೆಯಾಗಲಿ. ಅಳೆಯಬಲ್ಲ ಸಂಸ್ಥೆ ಮೈಸೂರಿನಲ್ಲೇ ಇದೆ. ಸಾರ್ವಜನಿಕ ಹಣದಲ್ಲಿ ಎಲ್ಲೇ ಫೋನು ನೆಟ್ಟರೂ, ಲಿಫ್ಟಿನಲ್ಲಾಗಲಿ ಹೆದ್ದಾರಿಯಲ್ಲಾಗಲಿ, ಟೆಂಡರಿನಲ್ಲಿ ಆ ಒಂದು ಸಾಲು ಇರಲಿ: ಕಿವಿ ಮಿಷನ್ನಿಗೆ ಹೊಂದತಕ್ಕದ್ದು. ಎಸ್‌ಟಿಡಿ ಬೂತಿನ ಕಾಲದಲ್ಲಿ ಬರೆಯದೆ ಬಿಟ್ಟ ಸಾಲು ಅದು.

ಓದುಗರಲ್ಲಿ ಇನ್ನೊಂದು ಮಾತು. ಮನೆಯ ಹಿರಿಯರಿಗೆ ಮಿಷನ್ ಕೊಳ್ಳುವಾಗ ಅಂಗಡಿಯವರನ್ನು ‘ಇದರಲ್ಲಿ ಟಿ ಇದೆಯೆ, ತೆರೆದಿದ್ದೀರಾ?’ ಎಂದು ಕೇಳಿ. ಅವರನ್ನು ಕರೆದುಕೊಂಡು ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಹೋದಾಗ ಅವರ ಪರವಾಗಿ ನೀವು ಮಾತಾಡಿ ಮುಗಿಸಬೇಡಿ. ‘ಇಲ್ಲಿ ಲೂಪ್ ಎಲ್ಲಿದೆ?’ ಎಂದು ಕೇಳಿ, ಇಲ್ಲವೆಂದರೆ ಇಲ್ಲವೆಂದು ಬರೆದುಕೊಡಲು ಹೇಳಿ. ಮುಂದಿನ ಡಿಸೆಂಬರ್ 3ರಂದು, ವಿಶ್ವ ಅಂಗವಿಕಲರ ದಿನದ ವೇದಿಕೆಯ ಮೇಲೆ ಎಷ್ಟು ಮಿಷನ್ ಹಂಚಿದೆವು ಎಂಬ ಅಂಕಿಯ ಜೊತೆಗೆ ಎಷ್ಟು ಕೌಂಟರಿಗೆ ಲೂಪ್ ಹಾಕಿದೆವು ಎಂಬ ಅಂಕಿಯನ್ನೂ ಓದಲಿ. ಸಭೆಯ ಮುಂದಿನ ಸಾಲಿನಲ್ಲಿ ಕೂತವರಿಗೆ ಆ ಅಂಕಿ ಕೇಳಿಸಬೇಕು.